ಟಿಎಲ್‌ಎಸ್ ಸರ್ವರ್: ಒಬ್ಬ ಕ್ಲೈಂಟ್ ಸುಮ್ನೆ ನಿಂತರೆ ಎಲ್ಲರೂ ಯಾಕೆ ನಿಲ್ಲುತ್ತಾರೆ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಪೈಥಾನ್‌ನಲ್ಲಿ ಒಂದು ಟಿಎಲ್‌ಎಸ್ (ನೆಟ್‌ವರ್ಕ್ ಮಾತುಕತೆಯನ್ನು ಗೂಢಲಿಪಿಯಲ್ಲಿ ಕಾಪಾಡುವ ಪದ್ಧತಿ) ಸರ್ವರ್ ಬರೆದಿದ್ದೇನೆ. ಲ್ಯಾಬಿನ ಕಂಪ್ಯೂಟರ್‌ಗಳು ಕಳಿಸುವ ಲಾಗ್ ಸಂದೇಶಗಳನ್ನು ಅದು ಫೈಲಿಗೆ ಬರೆಯುತ್ತದೆ. ನನ್ನ ಕ್ಲೈಂಟ್‌ನಿಂದ ನೋಡಿದಾಗ ಚೆನ್ನಾಗಿ ನಡೆಯಿತು. ಆದರೆ ಗೆಳೆಯನೊಬ್ಬ ಟೆಲ್‌ನೆಟ್ ಎಂಬ, ಸಾದಾ ಸಂಪರ್ಕ ತೆರೆಯುವ ಪ್ರೋಗ್ರಾಂನಿಂದ ಅದೇ ಪೋರ್ಟಿಗೆ ಕನೆಕ್ಟ್ ಮಾಡಿ ಏನೂ ಟೈಪ್ ಮಾಡದೆ ಬಿಟ್ಟ. ಸರ್ವರ್ ಪೂರ್ತಿ ನಿಂತುಹೋಯಿತು. ಇನ್ನೊಮ್ಮೆ ಬ್ರೌಸರ್‌ನಲ್ಲಿ ಸಾದಾ ಎಚ್‌ಟಿಟಿಪಿ ವಿಳಾಸ ಹಾಕಿದಾಗ ಸರ್ವರ್ ಎರರ್ ಕೊಟ್ಟು ಮುಚ್ಚಿಕೊಂಡಿತು. ಪ್ರತಿ ಕ್ಲೈಂಟಿಗೂ ಬೇರೆ ಥ್ರೆಡ್ (ಪ್ರೋಗ್ರಾಂ ಒಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆ) ಕೊಟ್ಟಿದ್ದೇನೆ, ಆದರೂ ಹೀಗೇಕೆ? ಸರಿಯಾಗಿ ಬರೆಯುವುದು ಹೇಗೆ? ಕೋಡ್ ಜೊತೆಗಿದೆ.

ಉತ್ತರ: ನಿಮ್ಮ ಕೋಡ್ ಓದಿದೆ. ಅದರಲ್ಲಿ ಎಡವಟ್ಟಾಗಿರುವುದು ಒಂದೇ ಒಂದು ಸಾಲಿನಲ್ಲಿ. ಆ ಸಾಲೂ ತಪ್ಪಲ್ಲ, ಅದು ಕೂತಿರುವ ಜಾಗ ತಪ್ಪು. ನೀವು ಲಿಸನ್ ಮಾಡುವ, ಅಂದರೆ ಹೊಸ ಸಂಪರ್ಕಕ್ಕೆ ಕಾಯುವ ಸಾಕೆಟ್ಟನ್ನೇ (ನೆಟ್‌ವರ್ಕ್ ಸಂಪರ್ಕದ ತುದಿ) ಮೊದಲು ‘ರ‍್ಯಾಪ್ ಸಾಕೆಟ್’ ಕರೆದು ಟಿಎಲ್‌ಎಸ್‌ನಲ್ಲಿ ಸುತ್ತಿದ್ದೀರಿ. ಆಮೇಲೆ ಲೂಪಿನಲ್ಲಿ ‘ಆಕ್ಸೆಪ್ಟ್’ ಕರೆದು, ಅಲ್ಲಿಂದ ಬಂದ ಸಂಪರ್ಕವನ್ನು ಥ್ರೆಡ್‌ಗೆ ಕೊಟ್ಟಿದ್ದೀರಿ. ಎಷ್ಟೋ ಪಾಠಗಳಲ್ಲಿ ಹೀಗೇ ತೋರಿಸುತ್ತಾರೆ, ಹಾಗಾಗಿ ನಿಮ್ಮನ್ನು ದೂರುವಂತಿಲ್ಲ.

ಒಳಗೆ ನಡೆಯುವುದು ಇಷ್ಟು. ಸಾಕೆಟ್, ಬೈಂಡ್, ಲಿಸನ್, ಆಕ್ಸೆಪ್ಟ್ ಎಂಬ ಈ ಕ್ರಮ 1983ರಲ್ಲಿ ಬರ್ಕ್ಲಿಯ 4.2ಬಿಎಸ್‌ಡಿ ಜೊತೆ ಹೊರಬಂದದ್ದು. ಆಗ ಟಿಎಲ್‌ಎಸ್ ಇರಲಿಲ್ಲ. ಸಾದಾ ಆಕ್ಸೆಪ್ಟ್‌ಗೆ ಕೆಲಸ ತುಂಬ ಕಮ್ಮಿ. ಟಿಸಿಪಿ (ಟಿಎಲ್‌ಎಸ್‌ನ ಕೆಳಗಿರುವ ಸಾದಾ ಸಂಪರ್ಕ) ಕೂಡಿಸುವ ಕೆಲಸವನ್ನು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮೊದಲೇ ಮುಗಿಸಿ, ಒಂದು ಸಾಲಿನಲ್ಲಿ ಇಟ್ಟಿರುತ್ತದೆ. ಸಾಲಿನ ಮುಂದಿರುವುದನ್ನು ಎತ್ತಿಕೊಡುವುದಷ್ಟೇ ಆಕ್ಸೆಪ್ಟ್ ಕೆಲಸ. ಆದರೆ ಸುತ್ತಿದ ಸಾಕೆಟ್ ಮೇಲೆ ಆಕ್ಸೆಪ್ಟ್ ಕರೆದರೆ ಪೈಥಾನ್ ಇನ್ನೊಂದು ಕೆಲಸವನ್ನೂ ಸೇರಿಸಿಕೊಳ್ಳುತ್ತದೆ. ಸಂಪರ್ಕ ಎತ್ತಿಕೊಂಡು, ಅಲ್ಲೇ ನಿಂತು, ಟಿಎಲ್‌ಎಸ್ ಹ್ಯಾಂಡ್‌ಶೇಕ್ ಪೂರ್ತಿ ಮುಗಿಸಿ, ಆಮೇಲಷ್ಟೇ ನಿಮಗೆ ಕೊಡುತ್ತದೆ. ಹ್ಯಾಂಡ್‌ಶೇಕ್ ಅಂದರೆ ಮಾತುಕತೆ, ಆ ಕಡೆಯವರು ಮಾತಾಡಲೇಬೇಕು. ನಿಮ್ಮ ಗೆಳೆಯನ ಟೆಲ್‌ನೆಟ್ ಮಾತಾಡಲಿಲ್ಲ. ಆಕ್ಸೆಪ್ಟ್ ಕಾಯುತ್ತಾ ಕೂತಿತು. ನೀವು ಬರೆದ ಥ್ರೆಡ್ ಸಾಲಿನವರೆಗೆ ಕೋಡ್ ಬರಲೇ ಇಲ್ಲ.

ಮದುವೆ ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಬಂದವರನ್ನು ಒಳಗೆ ಕಳಿಸುವವರು ಇರುತ್ತಾರೆ ಅಲ್ವಾ? ಅವರು ಒಬ್ಬ ನೆಂಟರ ಜೊತೆ ಬಾಗಿಲಲ್ಲೇ ಊರಿನ ಸುದ್ದಿಗೆ ಕೂತರೆ ಸಾಲು ರಸ್ತೆಗೆ ಬರುತ್ತದೆ. ಒಳಗೆ ಬಡಿಸುವವರು ನೂರು ಜನ ಇದ್ದರೂ ಪ್ರಯೋಜನವಿಲ್ಲ. ನಿಮ್ಮ ಥ್ರೆಡ್‌ಗಳು ಒಳಗಿನ ಬಡಿಸುವವರು.

ಇದನ್ನು ಕಣ್ಣಾರೆ ನೋಡಬಹುದು. ಸರ್ವರ್ ನಿಂತಿರುವಾಗಲೇ ಲಿನಕ್ಸ್‌ನ ಇನ್ನೊಂದು ಟರ್ಮಿನಲ್‌ನಲ್ಲಿ ‘ಎಸ್‌ಎಸ್’ ಕಮಾಂಡನ್ನು ಎಲ್, ಟಿ, ಎನ್ ಆಯ್ಕೆಗಳ ಜೊತೆ ಓಡಿಸಿ. ನಿಮ್ಮ ಪೋರ್ಟಿನ ಸಾಲಿನಲ್ಲಿ ‘ರಿಸೀವ್ ಕ್ಯೂ’ ಎಂಬ ಅಂಕಿ ಇರುತ್ತದೆ. ಲಿಸನ್ ಮಾಡುವ ಸಾಕೆಟ್‌ಗೆ ಅದರ ಅರ್ಥ, ಆಕ್ಸೆಪ್ಟ್‌ಗಾಗಿ ಕಾಯುತ್ತಿರುವ ಸಂಪರ್ಕಗಳು ಎಷ್ಟು ಎಂದು. ಆರೋಗ್ಯವಾಗಿರುವ ಸರ್ವರ್‌ನಲ್ಲಿ ಅದು ಸಾಮಾನ್ಯವಾಗಿ 0. ನಿಮ್ಮದರಲ್ಲಿ ಪ್ರತಿ ಹೊಸ ಕ್ಲೈಂಟ್ ಬಂದಾಗ 1, 2, 3 ಎಂದು ಏರುತ್ತಾ ಹೋಗುತ್ತದೆ. ಅಂದರೆ ಉಳಿದ ಕ್ಲೈಂಟ್‌ಗಳಿಗೆ ಸಂಪರ್ಕವೇ ಸಿಗಲಿಲ್ಲ ಎಂಬುದು ಸರಿಯಲ್ಲ. ಟಿಸಿಪಿ ಮಟ್ಟದಲ್ಲಿ ಅವೆಲ್ಲ ಸೇರಿಕೊಂಡಿವೆ, ತಮ್ಮ ಮೊದಲ ಟಿಎಲ್‌ಎಸ್ ಸಂದೇಶವನ್ನೂ ಕಳಿಸಿವೆ. ಅದನ್ನು ಓದುವವರು ಇಲ್ಲ, ಅಷ್ಟೇ.

ಬ್ರೌಸರ್ ಪ್ರಕರಣದ ಬೇರೂ ಇದೇ. ಟಿಎಲ್‌ಎಸ್‌ನ ಪ್ರತಿ ರೆಕಾರ್ಡಿನ ಮುಂದೆ 5 ಬೈಟ್‌ಗಳ ತಲೆಬರಹ ಇರುತ್ತದೆ. ಮೊದಲ ಬೈಟ್ ರೆಕಾರ್ಡಿನ ಜಾತಿ ಹೇಳುತ್ತದೆ, ಹ್ಯಾಂಡ್‌ಶೇಕ್ ಆದರೆ ಅದು 22. ಸಾದಾ ಎಚ್‌ಟಿಟಿಪಿ ಕೋರಿಕೆ ‘ಗೆಟ್’ ಎಂಬ ಪದದಿಂದ ಶುರುವಾಗುತ್ತದೆ, ಅದರ ಮೊದಲ ಅಕ್ಷರದ ಬೆಲೆ 71. ಪೈಥಾನ್‌ನ ಪರವಾಗಿ ಟಿಎಲ್‌ಎಸ್ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್‌ಗೆ ಕೂಡಲೇ ಗೊತ್ತಾಯಿತು, ಎರರ್ ಎಸೆಯಿತು. ಆ ಎರರ್ ಹೊರಬಂದದ್ದು ಎಲ್ಲಿಂದ? ಆಕ್ಸೆಪ್ಟ್‌ನಿಂದ, ಅಂದರೆ ನಿಮ್ಮ ಮುಖ್ಯ ಲೂಪಿನಿಂದ. ಅಲ್ಲಿ ಹಿಡಿಯುವವರು ಇರಲಿಲ್ಲ. ಪ್ರೋಗ್ರಾಂ ಮುಗಿಯಿತು.

ನನಗೂ ಇದು ಒಮ್ಮೆ ಚೆನ್ನಾಗಿ ಪೆಟ್ಟು ಕೊಟ್ಟಿದೆ. ಕೆಲಸದ ಆರಂಭದ ದಿನಗಳಲ್ಲಿ ನಾನು ಬರೆದ ಇಂಥದ್ದೇ ಸರ್ವರ್ ಪರೀಕ್ಷೆಯಲ್ಲೆಲ್ಲ ಪಾಸಾಗಿ, ನಿಜವಾದ ಜಾಗಕ್ಕೆ ಹೋದ ಕೂಡಲೇ ಬೀಳತೊಡಗಿತು. ಎಬ್ಬಿಸಿದರೆ ಕೆಲವೇ ಸೆಕೆಂಡಿನಲ್ಲಿ ಮತ್ತೆ ಬೀಳುತ್ತಿತ್ತು. ಯಾರೋ ದಾಳಿ ಮಾಡುತ್ತಿದ್ದಾರೆ ಎಂದುಕೊಂಡೆವು. ರಾತ್ರಿ ಕೂತು ಪ್ಯಾಕೆಟ್ ಹಿಡಿದು ನೋಡಿದಾಗ ಗೊತ್ತಾಯಿತು, ಅದು ನಮ್ಮದೇ ಲೋಡ್ ಬ್ಯಾಲೆನ್ಸರ್, ಅಂದರೆ ಬರುವ ಕೆಲಸವನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ. ಸರ್ವರ್ ಬದುಕಿದೆಯಾ ಎಂದು ನೋಡಲು ಅದು ಆಗಾಗ ಟಿಸಿಪಿ ಸಂಪರ್ಕ ತೆರೆದು, ಏನೂ ಹೇಳದೆ ಮುಚ್ಚುತ್ತಿತ್ತು. ಹ್ಯಾಂಡ್‌ಶೇಕ್ ಅರ್ಧದಲ್ಲಿ ಕಡಿದು ಎರರ್, ಸರ್ವರ್ ಢಮಾರ್. ಬದುಕಿದೆಯಾ ಎಂದು ಕೇಳುವುದೇ ಅದನ್ನು ಕೊಲ್ಲುತ್ತಿತ್ತು. ಅವತ್ತಿನಿಂದ ಟಿಎಲ್‌ಎಸ್ ಸರ್ವರ್ ಕೋಡ್ ಯಾರು ತೋರಿಸಿದರೂ ನಾನು ಮೊದಲು ಹುಡುಕುವುದು ಇದನ್ನೇ: ಹ್ಯಾಂಡ್‌ಶೇಕ್ ಯಾವ ಥ್ರೆಡ್‌ನಲ್ಲಿ ನಡೆಯುತ್ತಿದೆ?

ಸರಿಯಾದ ಹಂದರ ಹೀಗಿರಬೇಕು. ಕನ್ನಡದಲ್ಲೇ ಬರೆಯುತ್ತಿದ್ದೇನೆ, ಕೋಡ್ ನೀವೇ ಬರೆಯಿರಿ (ಸರ್ಟಿಫಿಕೇಟ್ ಅಂದರೆ ಸರ್ವರ್‌ನ ಗುರುತಿನ ಫೈಲ್, ಕಾಂಟೆಕ್ಸ್ಟ್ ಅಂದರೆ ಟಿಎಲ್‌ಎಸ್ ಸೆಟ್ಟಿಂಗ್‌ಗಳ ಕಟ್ಟು, ಟೋಕನ್ ವಿಷಯ ಮುಂದೆ ಹೇಳುತ್ತೇನೆ):

ಸರ್ಟಿಫಿಕೇಟ್ ತುಂಬಿದ ಕಾಂಟೆಕ್ಸ್ಟ್ ತಯಾರು ಮಾಡು
ಸಾದಾ ಸಾಕೆಟ್ ತೆರೆ, ಬೈಂಡ್ ಮಾಡು, ಲಿಸನ್ ಮಾಡು
ಸದಾ:
— ಟೋಕನ್ ಒಂದನ್ನು ತೆಗೆದುಕೋ
— ಆಕ್ಸೆಪ್ಟ್ ಕರೆದು ಸಾದಾ ಸಂಪರ್ಕ ಪಡೆ
— ಅದನ್ನು ಹೊಸ ಥ್ರೆಡ್‌ಗೆ ಒಪ್ಪಿಸು
ಥ್ರೆಡ್ ಒಳಗೆ:
— ಸಂಪರ್ಕಕ್ಕೆ 10 ಸೆಕೆಂಡ್ ಟೈಮ್‌ಔಟ್ ಇಡು
— ಈಗ ಟಿಎಲ್‌ಎಸ್‌ನಲ್ಲಿ ಸುತ್ತು, ಸಂದೇಶಗಳನ್ನು ಓದು
— ಎರರ್ ಬಂದರೆ ವಿಳಾಸದ ಸಮೇತ ಬರೆದಿಡು
— ಏನೇ ಆಗಲಿ, ಕೊನೆಗೆ ಸಂಪರ್ಕ ಮುಚ್ಚು, ಟೋಕನ್ ವಾಪಸ್ ಕೊಡು

ಲಿಸನ್ ಮಾಡುವ ಸಾಕೆಟ್ ಸಾದಾ ಆಗಿಯೇ ಉಳಿಯಿತು ನೋಡಿ. ಸುತ್ತುವ ಸಾಲು ಥ್ರೆಡ್ ಒಳಗೆ ಹೋಯಿತು. ಈಗ ಯಾರಾದರೂ ಸುಮ್ನೆ ನಿಂತರೆ ಅವರ ಥ್ರೆಡ್ ಮಾತ್ರ ಕಾಯುತ್ತದೆ, 10 ಸೆಕೆಂಡಾದ ಮೇಲೆ ಅದೂ ಬಿಡುಗಡೆಯಾಗುತ್ತದೆ. ಟೈಮ್‌ಔಟನ್ನು ಸುತ್ತುವ ಮೊದಲೇ ಇಡಬೇಕು, ಸುತ್ತಿದ ಸಾಕೆಟ್ ಅದನ್ನು ಹಾಗೇ ಪಡೆದುಕೊಳ್ಳುತ್ತದೆ. ಪೈಥಾನ್ 3.5ರಿಂದ ಈ ಟೈಮ್‌ಔಟ್ ಪೂರ್ತಿ ಹ್ಯಾಂಡ್‌ಶೇಕ್‌ಗೆ ಲೆಕ್ಕ. ಹಾಗಾಗಿ ಒಂದೊಂದೇ ಬೈಟ್ ತೊಟ್ಟಿಕ್ಕಿಸುವ ಕ್ಲೈಂಟ್ ಕೂಡ 10 ಸೆಕೆಂಡ್ ದಾಟುವಂತಿಲ್ಲ.

ಎರರ್ ಹಿಡಿಯುವಾಗ ‘ಓಎಸ್‌ಎರರ್’ ಹಿಡಿದರೆ ಸಾಕು. ಪೈಥಾನ್‌ನಲ್ಲಿ ಟಿಎಲ್‌ಎಸ್ ಎರರ್, ಟೈಮ್‌ಔಟ್, ಸಂಪರ್ಕ ಕಡಿದ ಎರರ್ ಎಲ್ಲವೂ ಅದರ ಮಕ್ಕಳೇ. ಇನ್ನೊಂದು ಚಿಕ್ಕ ವಿಷಯ: ಸುತ್ತಿದ ಮೇಲೆ ಹಳೆಯ ಸಾಕೆಟ್ ವಸ್ತು ಖಾಲಿ ಡಬ್ಬಿ. ಒಳಗಿನ ಡಿಸ್ಕ್ರಿಪ್ಟರ್ (ತೆರೆದ ಫೈಲ್ ಅಥವಾ ಸಂಪರ್ಕಕ್ಕೆ ಕರ್ನಲ್ ಕೊಡುವ ನಂಬರು) ಹೊಸದಕ್ಕೆ ಹೋಗಿರುತ್ತದೆ. ಓದುವುದು, ಬರೆಯುವುದು, ಮುಚ್ಚುವುದು ಎಲ್ಲ ಸುತ್ತಿದ ಸಾಕೆಟ್‌ನಲ್ಲೇ ಮಾಡಿ.

ಟೋಕನ್ ಅಂದದ್ದು ಸೆಮಾಫೋರ್ ಅನ್ನು, ಅಂದರೆ ಒಂದೇ ಹೊತ್ತಿಗೆ ಎಷ್ಟು ಜನ ಒಳಗಿರಬಹುದು ಎಂದು ಎಣಿಸುವ ಲೆಕ್ಕವನ್ನು. ನಿಮ್ಮ ಲ್ಯಾಬಿಗೆ 100 ಇಟ್ಟರೆ ಧಾರಾಳ. ಇದಿಲ್ಲದೆ ಬಂದವರಿಗೆಲ್ಲ ಥ್ರೆಡ್ ಕೊಡುತ್ತಾ ಹೋದರೆ ಒಂದು ದಿನ ‘ಟೂ ಮೆನಿ ಓಪನ್ ಫೈಲ್ಸ್’ ಎಂಬ 24ನೇ ನಂಬರಿನ ಎರರ್ ಬರುತ್ತದೆ. ಹೆಚ್ಚಿನ ಲಿನಕ್ಸ್ ಯಂತ್ರಗಳಲ್ಲಿ ಒಂದು ಪ್ರಾಸೆಸ್‌ಗೆ ಮೊದಲಿಗೆ ಸಿಗುವುದು 1024 ಡಿಸ್ಕ್ರಿಪ್ಟರ್ ಅಷ್ಟೇ. ಟೋಕನ್ ಆಕ್ಸೆಪ್ಟ್‌ಗಿಂತ ಮೊದಲೇ ತೆಗೆದುಕೊಳ್ಳಿ. ಆಗ ಜಾಸ್ತಿಯಾದವರು ಕರ್ನಲ್‌ನ ಸಾಲಿನಲ್ಲಿ ಕಾಯುತ್ತಾರೆ, ನಿಮ್ಮ ಮೆಮೊರಿಯಲ್ಲಿ ಅಲ್ಲ. ಸಾವಿರಾರು ಕ್ಲೈಂಟ್ ಬರುವಂತಿದ್ದರೆ ಥ್ರೆಡ್ ಬಿಟ್ಟು ‘ಅಸಿಂಕ್‌ಐಒ’ ಕಡೆ ಹೋಗಿ. ಅಲ್ಲಿ ಸರ್ವರ್ ಶುರು ಮಾಡುವಾಗಲೇ ಕಾಂಟೆಕ್ಸ್ಟ್ ಕೊಡಬಹುದು, ಹ್ಯಾಂಡ್‌ಶೇಕ್ ಯಾರನ್ನೂ ತಡೆಯುವುದಿಲ್ಲ, 60 ಸೆಕೆಂಡಿನ ಟೈಮ್‌ಔಟ್ ಅದೇ ಹಾಕಿಕೊಂಡಿರುತ್ತದೆ. ಆದರೆ ಮೊದಲು ಥ್ರೆಡ್‌ನಲ್ಲೇ ಬರೆದು ಅರ್ಥ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ.

ಈಗ ಕಾಂಟೆಕ್ಸ್ಟ್. ನೀವು ಪೈಥಾನ್‌ನ ಎಸ್‌ಎಸ್‌ಎಲ್ ಮಾಡ್ಯೂಲ್ ಮೇಲೆ ನೇರವಾಗಿ ರ‍್ಯಾಪ್ ಸಾಕೆಟ್ ಕರೆದಿದ್ದೀರಿ. ಆ ಹಳೆಯ ಫಂಕ್ಷನ್ ಪೈಥಾನ್ 3.12ರಲ್ಲಿ ತೆಗೆದುಹಾಕಲಾಗಿದೆ. ನಿಮ್ಮ ಯಂತ್ರದಲ್ಲಿ ಹಳೆಯ ಪೈಥಾನ್ ಇರುವುದರಿಂದ ನಡೆಯುತ್ತಿದೆ. ಕಾಂಟೆಕ್ಸ್ಟ್ ವಸ್ತು ಮಾಡಿ, ಪ್ರೋಟೋಕಾಲ್ ‘ಟಿಎಲ್‌ಎಸ್ ಸರ್ವರ್’ ಎಂದು ಹೇಳಿ, ಸರ್ಟಿಫಿಕೇಟ್ ಮತ್ತು ಕೀ ಲೋಡ್ ಮಾಡಿ, ಆ ವಸ್ತುವಿನ ರ‍್ಯಾಪ್ ಸಾಕೆಟ್ ಬಳಸಿ. ಕಾಂಟೆಕ್ಸ್ಟ್ ಒಂದೇ ಸಲ ಮಾಡಿದರೆ ಸಾಕು, ಎಲ್ಲ ಥ್ರೆಡ್‌ಗಳೂ ಹಂಚಿಕೊಳ್ಳಬಹುದು.

ಕನಿಷ್ಠ ಆವೃತ್ತಿ ಟಿಎಲ್‌ಎಸ್ 1.2 ಎಂದು ನೀವೇ ಬರೆದುಬಿಡಿ. ಪೈಥಾನ್ 3.10ರಿಂದ ಅದು ತಾನಾಗಿಯೇ ಹಾಗಿರುತ್ತದೆ, ಆದರೂ ಬರೆದಿದ್ದರೆ ಓದುವವರಿಗೆ ಗೊತ್ತಾಗುತ್ತದೆ. ಮಾಡ್ಯೂಲಿನ ಹೆಸರಲ್ಲಿ ಇನ್ನೂ ಎಸ್‌ಎಸ್‌ಎಲ್ ಇರುವುದು ಹಳೆಯ ರೂಢಿಯಿಂದ. ನೆಟ್‌ಸ್ಕೇಪ್ 1995ರಲ್ಲಿ ಎಸ್‌ಎಸ್‌ಎಲ್ 2.0 ತಂದಿತ್ತು, 1999ರಲ್ಲಿ ಅದರ ಮುಂದಿನ ತಲೆಮಾರಿಗೆ ಟಿಎಲ್‌ಎಸ್ ಎಂದು ಹೆಸರಾಯಿತು. ಟಿಎಲ್‌ಎಸ್ 1.0 ಮತ್ತು 1.1 ಎರಡನ್ನೂ 2021ರಲ್ಲಿ ಅಧಿಕೃತವಾಗಿ ಕೈಬಿಡಲಾಗಿದೆ. 2018ರ 1.3 ಈಗಿನದು. ಸೈಫರ್‌ಗಳ (ಗೂಢಲಿಪಿ ವಿಧಾನಗಳ) ಪಟ್ಟಿಗೆ ಕೈ ಹಾಕಬೇಡಿ, ಇರುವುದೇ ಚೆನ್ನಾಗಿದೆ.

ಸರ್ಟಿಫಿಕೇಟ್ ವಿಷಯಕ್ಕೆ ಬಂದರೆ, ನಿಮ್ಮ ಕ್ಲೈಂಟ್ ಕೋಡಿನಲ್ಲಿ ಒಂದು ಸಾಲು ಕಂಡು ನಿಜಕ್ಕೂ ಬೇಸರವಾಯಿತು. ಪರಿಶೀಲನೆ ಬೇಡ ಎಂದು ‘ಸರ್ಟ್ ನನ್’ ಇಟ್ಟಿದ್ದೀರಿ. ಸೆಲ್ಫ್ ಸೈನ್ಡ್ (ನೀವೇ ಸಹಿ ಹಾಕಿಕೊಂಡ) ಸರ್ಟಿಫಿಕೇಟ್‌ಗೆ ಎರರ್ ಬಂತು, ಹುಡುಕಿದಾಗ ಈ ಸಾಲು ಸಿಕ್ಕಿತು, ಹಾಕಿದಿರಿ. ಹೌದಲ್ವಾ? ಈ ಒಂದು ಸಾಲು ಉಳಿದ ಎಲ್ಲ ಶ್ರಮವನ್ನೂ ನೀರಿಗೆ ಹಾಕುತ್ತದೆ. ಗೂಢಲಿಪಿ ಇರುತ್ತದೆ ನಿಜ, ಆದರೆ ಯಾರ ಜೊತೆ ಗುಟ್ಟು ಮಾತಾಡುತ್ತಿದ್ದೇವೆ ಎಂಬುದೇ ಗೊತ್ತಿಲ್ಲ. ನಡುವೆ ಯಾರಾದರೂ ತಮ್ಮದೇ ಸರ್ಟಿಫಿಕೇಟ್ ತೋರಿಸಿ ನಿಂತರೆ ನಿಮ್ಮ ಕ್ಲೈಂಟ್ ಅವರಿಗೇ ಎಲ್ಲವನ್ನೂ ಒಪ್ಪಿಸುತ್ತದೆ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಲ್ಯಾಬಿನ ಕೆಲಸಕ್ಕೆ ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಸಾಕು. ಸರ್ವರ್‌ನ ಸರ್ಟಿಫಿಕೇಟ್ ಫೈಲನ್ನು, ಕೀ ಫೈಲನ್ನಲ್ಲ, ಪ್ರತಿ ಕ್ಲೈಂಟ್ ಯಂತ್ರಕ್ಕೆ ಕಾಪಿ ಮಾಡಿ. ಕ್ಲೈಂಟ್‌ನಲ್ಲಿ ಡೀಫಾಲ್ಟ್ ಕಾಂಟೆಕ್ಸ್ಟ್ ಮಾಡುವಾಗ ನಂಬಬೇಕಾದ ಫೈಲ್ ಇದೇ ಎಂದು ಕೊಡಿ. ಪರಿಶೀಲನೆ ಪೂರ್ತಿ ನಡೆಯುತ್ತದೆ, ಎರರ್ ಬರುವುದಿಲ್ಲ. ಸರ್ಟಿಫಿಕೇಟ್ ಮಾಡುವಾಗ ಸರ್ವರ್‌ನ ಹೆಸರನ್ನು ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಜಾಗದಲ್ಲಿ ಹಾಕುವುದನ್ನು ಮರೆಯಬೇಡಿ. ಹಳೆಯ ಪಾಠಗಳು ‘ಕಾಮನ್ ನೇಮ್’ ತುಂಬಿಸಿ ಬಿಡುತ್ತವೆ. ಕ್ರೋಮ್ 2017ರಲ್ಲೇ ಅದನ್ನು ನೋಡುವುದು ನಿಲ್ಲಿಸಿತು. ಕ್ಲೈಂಟ್ ಐಪಿ ವಿಳಾಸದಿಂದ ಕನೆಕ್ಟ್ ಆಗುವುದಾದರೆ ಅದನ್ನೂ ಐಪಿ ಎಂದೇ ನಮೂದಿಸಬೇಕು, ಡಿಎನ್‌ಎಸ್ ಹೆಸರು ಎಂದಲ್ಲ. ಕೀ ಫೈಲಿನ ಪರ್ಮಿಷನ್ 600 (ಮಾಲೀಕರಷ್ಟೇ ಓದಿ ಬರೆಯುವಂತೆ) ಇರಲಿ, ಅದು ಗಿಟ್ ಒಳಗೆ ಹೋಗದಿರಲಿ.

ಈಗ ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ. ನಿಮ್ಮ ಕೋಡ್ 4096 ಬೈಟ್ ಓದಲು ‘ರಿಸೀವ್’ ಕರೆದು, ಬಂದದ್ದನ್ನು ಒಂದು ಸಂದೇಶ ಎಂದು ಫೈಲಿಗೆ ಬರೆಯುತ್ತದೆ. ಇದು ನಿಮ್ಮ ಪರೀಕ್ಷೆಯಲ್ಲಿ ನಡೆದದ್ದು ಸಂದೇಶಗಳು ಚಿಕ್ಕದಾಗಿದ್ದವು, ನಿಧಾನವಾಗಿ ಬಂದವು ಎಂಬ ಕಾರಣಕ್ಕೆ. ಟಿಸಿಪಿಯಂತೆ ಟಿಎಲ್‌ಎಸ್ ಕೂಡ ಹರಿವ ನೀರು, ಅದರಲ್ಲಿ ಸಂದೇಶದ ಗಡಿ ಇಲ್ಲ. ಒಂದು ಟಿಎಲ್‌ಎಸ್ ರೆಕಾರ್ಡಿನಲ್ಲಿ ಹೆಚ್ಚೆಂದರೆ 16,384 ಬೈಟ್ ಹಿಡಿಸುತ್ತದೆ. ದೊಡ್ಡ ಸಂದೇಶ ತುಂಡಾಗಿ ಬರುತ್ತದೆ. ಚಿಕ್ಕದಾದರೂ ರಿಸೀವ್‌ಗೆ ಅರ್ಧ ಸಿಗಬಹುದು. ಕನ್ನಡದ ಲಾಗ್ ಆದರೆ ಒಂದು ಅಕ್ಷರದ 3 ಬೈಟ್‌ಗಳ ನಡುವೆಯೇ ಕತ್ತರಿ ಬಿದ್ದು ಯುನಿಕೋಡ್ ಎರರ್ ಬರುತ್ತದೆ. ಅದನ್ನು ನೋಡಿ ಎನ್ಕೋಡಿಂಗ್ ಹುಳುಕು ಎಂದುಕೊಂಡು ಬೇರೆಲ್ಲೋ ಹುಡುಕುತ್ತಾ ದಿನಗಟ್ಟಲೆ ಕಳೆಯುತ್ತೇವೆ.

ಪರಿಹಾರ ಹಳೆಯದು, ಗಟ್ಟಿಯದು. ಪ್ರತಿ ಸಂದೇಶದ ಮುಂದೆ 4 ಬೈಟ್‌ನಲ್ಲಿ ಅದರ ಉದ್ದ ಕಳಿಸಿ. ಸರ್ವರ್ ಮೊದಲು ಸರಿಯಾಗಿ 4 ಬೈಟ್ ಸಿಗುವವರೆಗೆ ಓದಲಿ, ಆಮೇಲೆ ಅಷ್ಟೇ ಉದ್ದ ಸಿಗುವವರೆಗೆ ಓದಲಿ. ಆದರೆ ಕ್ಲೈಂಟ್ ಹೇಳಿದ ಉದ್ದವನ್ನು ಕಣ್ಣುಮುಚ್ಚಿ ನಂಬಬೇಡಿ. 4 ಬೈಟ್‌ನಲ್ಲಿ ಸುಮಾರು 4 ಜಿಬಿವರೆಗೆ ಹೇಳಬಹುದು. ಲಾಗ್ ಸಂದೇಶಕ್ಕೆ 64 ಕೆಬಿ ಮಿತಿ ಇಟ್ಟು, ಮೀರಿದರೆ ಸಂಪರ್ಕ ಕಡಿಯಿರಿ. 2014ರ ಏಪ್ರಿಲ್‌ನಲ್ಲಿ ಜಗತ್ತನ್ನೇ ನಡುಗಿಸಿದ ಹಾರ್ಟ್‌ಬ್ಲೀಡ್ ನೆನಪಿದೆಯಾ? ಓಪನ್‌ಎಸ್‌ಎಸ್‌ಎಲ್‌ನಲ್ಲಿದ್ದ ಆ ದೋಷದ ತಿರುಳು ಇದೇ. ಆ ಕಡೆಯವರು ‘ನಾನು ಇಷ್ಟು ಕಳಿಸಿದ್ದೇನೆ, ಅಷ್ಟನ್ನು ವಾಪಸ್ ಕೊಡು’ ಎನ್ನುತ್ತಿದ್ದರು. ನಿಜಕ್ಕೂ ಬಂದದ್ದೆಷ್ಟು ಎಂದು ಕೋಡ್ ಸರಿಹೋಲಿಸಿ ನೋಡಲಿಲ್ಲ. ಒಂದೊಂದು ಸಲಕ್ಕೆ 64 ಕೆಬಿವರೆಗೆ ಸರ್ವರ್‌ನ ಮೆಮೊರಿ ಹೊರಗೆ ಸೋರಿತು. ಅದರಲ್ಲಿ ಪಾಸ್‌ವರ್ಡ್ ಇರಬಹುದಿತ್ತು, ಕೀ ಕೂಡ ಇರಬಹುದಿತ್ತು.

ಉದ್ದ ಮೊದಲೇ ಗೊತ್ತಿದ್ದರೆ ಇನ್ನೊಂದು ಅನುಕೂಲ ಇದೆ. ಸಂಪರ್ಕ ನಡುವೆ ಕಡಿದರೆ ಸಂದೇಶ ಅರ್ಧ ಬಂದಿದೆ ಎಂದು ಗೊತ್ತಾಗುತ್ತದೆ. ಟಿಎಲ್‌ಎಸ್‌ನಲ್ಲಿ ‘ಕ್ಲೋಸ್ ನೋಟಿಫೈ’ ಎಂಬ ವಿದಾಯದ ಮಾತಿದೆ. ಆದರೆ ಪೈಥಾನ್‌ನ ಡೀಫಾಲ್ಟ್‌ನಲ್ಲಿ ಆ ಮಾತಿಲ್ಲದೆ ಕಡಿದರೂ ರಿಸೀವ್ ಸುಮ್ನೆ ಖಾಲಿ ಕೊಡುತ್ತದೆ, ಮಾಮೂಲಿ ಮುಕ್ತಾಯದ ಹಾಗೆ. ಉದ್ದದ ಲೆಕ್ಕವೇ ನಿಮ್ಮನ್ನು ಕಾಯಬೇಕು.

ಲಾಗ್ ಸರ್ವರ್ ಆದ್ದರಿಂದ ಯಾರು ಬೇಕಾದರೂ ಸುಳ್ಳು ಲಾಗ್ ಕಳಿಸಬಾರದು ಅಲ್ವಾ? ಅದಕ್ಕೆ ಕ್ಲೈಂಟ್‌ಗಳಿಗೂ ಸರ್ಟಿಫಿಕೇಟ್ ಕೊಟ್ಟು, ಸರ್ವರ್ ಕಾಂಟೆಕ್ಸ್ಟ್‌ನಲ್ಲಿ ‘ಸರ್ಟ್ ರಿಕ್ವೈರ್ಡ್’ ಇಡಬಹುದು. ಇಲ್ಲಿ ಟಿಎಲ್‌ಎಸ್ 1.3ರ ಒಂದು ಸೂಕ್ಷ್ಮ ಇದೆ. ಅದರಲ್ಲಿ ಕ್ಲೈಂಟ್ ತನ್ನ ಸರ್ಟಿಫಿಕೇಟ್ ಕಳಿಸಿದ ಕೂಡಲೇ ತನ್ನ ಪಾಲಿನ ಹ್ಯಾಂಡ್‌ಶೇಕ್ ಮುಗಿಯಿತು ಎಂದುಕೊಂಡು ಬರೆಯಲು ಶುರು ಮಾಡುತ್ತದೆ. ಸರ್ವರ್ ಆ ಸರ್ಟಿಫಿಕೇಟನ್ನು ತಿರಸ್ಕರಿಸಿದ್ದು ಕ್ಲೈಂಟ್‌ಗೆ ತಿಳಿಯುವುದು ಮುಂದೆ ಅದು ಓದಲು ಹೋದಾಗ. ನಿಮ್ಮ ಕ್ಲೈಂಟ್ ಬರೀ ಬರೆಯುತ್ತದೆ, ಓದುವುದೇ ಇಲ್ಲ. ಲಾಗ್ ಕಳಿಸಿದೆ ಎಂದು ನಂಬಿ ಮುಚ್ಚಿಕೊಂಡು ಹೋಗುತ್ತದೆ, ಇಲ್ಲಿ ಫೈಲಿನಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಪ್ರತಿ ಸಂದೇಶ ಫೈಲಿಗೆ ಬಿದ್ದ ಮೇಲೆ ಸರ್ವರ್ ಒಂದು ಬೈಟ್‌ನ ಉತ್ತರ ಕೊಡಲಿ, ಅದು ಸಿಕ್ಕ ಮೇಲಷ್ಟೇ ಕ್ಲೈಂಟ್ ತನ್ನ ಕಡೆಯ ಪ್ರತಿ ಅಳಿಸಲಿ. ಕ್ಲೈಂಟ್ ಸರ್ಟಿಫಿಕೇಟ್ ಬಳಸದಿದ್ದರೂ ಹೀಗೇ ಮಾಡಿ. ‘ಸೆಂಡ್ ಆಲ್’ ಮುಗಿಯಿತು ಎಂದರೆ ಬೈಟ್‌ಗಳು ನಿಮ್ಮ ಕರ್ನಲ್‌ಗೆ ಹೋದವು ಎಂದಷ್ಟೇ ಅರ್ಥ.

ಹಾಗೆಯೇ ನೂರು ಥ್ರೆಡ್‌ಗಳು ಒಂದೇ ಫೈಲಿಗೆ ಬರೆಯುವುದು ಬೇಡ. ಎಲ್ಲರೂ ಒಂದು ಕ್ಯೂಗೆ ಹಾಕಲಿ, ಒಂದೇ ಥ್ರೆಡ್ ಅಲ್ಲಿಂದ ತೆಗೆದು ಬರೆಯಲಿ.

ಸರ್ವರ್ ನಿಲ್ಲಿಸಿ ಕೂಡಲೇ ಎಬ್ಬಿಸಿದಾಗ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಬರುತ್ತದೆ ಎಂದು ಕೋಡಿನ ಕಾಮೆಂಟ್‌ನಲ್ಲಿ ಬರೆದಿದ್ದೀರಿ, ಪೋರ್ಟ್ ಬದಲಾಯಿಸುತ್ತಾ ಹೋಗಿದ್ದೀರಿ. ಹಳೆಯ ಸಂಪರ್ಕಗಳು ಲಿನಕ್ಸ್‌ನಲ್ಲಿ 60 ಸೆಕೆಂಡ್ ‘ಟೈಮ್ ವೇಟ್’ ಸ್ಥಿತಿಯಲ್ಲಿ ಉಳಿಯುವುದರಿಂದ ಹೀಗಾಗುತ್ತದೆ. ಬೈಂಡ್‌ಗೆ ಮೊದಲು ‘ರೀಯೂಸ್ ಅಡ್ರೆಸ್’ ಆಯ್ಕೆ ಹಾಕಿ. ವಿಂಡೋಸ್‌ನಲ್ಲಿ ಮಾತ್ರ ಅದನ್ನು ಹಾಕಬೇಡಿ. ಅಲ್ಲಿ ಅದರ ಅರ್ಥವೇ ಬೇರೆ, ಇನ್ನೊಂದು ಪ್ರೋಗ್ರಾಂ ಅದೇ ಪೋರ್ಟನ್ನು ಕಸಿದುಕೊಳ್ಳಲು ದಾರಿಯಾಗುತ್ತದೆ.

ಬರೆದಾದ ಮೇಲೆ ನಿಮ್ಮ ಸ್ವಂತ ಕ್ಲೈಂಟ್‌ನಿಂದ ಮಾತ್ರ ಪರೀಕ್ಷೆ ಮಾಡಬೇಡಿ, ಅದು ಯಾವತ್ತೂ ಒಳ್ಳೆಯ ಹುಡುಗ. ಗೆಳೆಯನನ್ನೇ ಮತ್ತೆ ಕರೆಯಿರಿ. ಟೆಲ್‌ನೆಟ್‌ನಿಂದ ಕನೆಕ್ಟ್ ಮಾಡಿ ಸುಮ್ನೆ ಕೂರಲಿ, ಅದೇ ಹೊತ್ತಿಗೆ ಇನ್ನೊಂದು ಟರ್ಮಿನಲ್‌ನಿಂದ ಸರಿಯಾದ ಕ್ಲೈಂಟ್ ಓಡಿಸಿ. ಬ್ರೌಸರ್‌ನಲ್ಲಿ ಸಾದಾ ಎಚ್‌ಟಿಟಿಪಿ ಹಾಕಿ. ಕನೆಕ್ಟ್ ಆದ ಕೂಡಲೇ ಮುಚ್ಚಿ. ಸಂದೇಶದ ಅರ್ಧದಲ್ಲಿ ನೆಟ್‌ವರ್ಕ್ ಕೇಬಲ್ ಕೀಳಿ. ಉದ್ದದ ಜಾಗದಲ್ಲಿ ಎಲ್ಲ ಬೈಟ್ 255 ಕಳಿಸಿ. ಹ್ಯಾಂಡ್‌ಶೇಕ್ ಒಳಗೆ ಏನು ನಡೆಯುತ್ತಿದೆ ಎಂದು ನೋಡಲು ಓಪನ್‌ಎಸ್‌ಎಸ್‌ಎಲ್ ಜೊತೆ ಬರುವ ‘ಎಸ್ ಕ್ಲೈಂಟ್’ ತುಂಬ ಉಪಕಾರಿ. ಯಾವ ಆವೃತ್ತಿ ಒಪ್ಪಿತವಾಯಿತು, ಯಾವ ಸರ್ಟಿಫಿಕೇಟ್ ಬಂತು, ಪರಿಶೀಲನೆ ಎಲ್ಲಿ ಸೋತಿತು ಎಲ್ಲವನ್ನೂ ಬಿಡಿಸಿ ತೋರಿಸುತ್ತದೆ.

ಪ್ರತಿ ಸಲವೂ ಎರಡು ಜಾಗ ನೋಡಿ. ನಿಮ್ಮ ಲಾಗ್‌ನಲ್ಲಿ ಆ ಕ್ಲೈಂಟಿನ ವಿಳಾಸ ಮತ್ತು ಕಾರಣ ಬಂದಿರಬೇಕು. ಆ ‘ರಿಸೀವ್ ಕ್ಯೂ’ ಅಂಕಿ 0ಗೆ ಮರಳಿರಬೇಕು. ಮೊದಲಿಗೆ ಬೈಂಡ್ ವಿಳಾಸ 127.0.0.1 ಇಟ್ಟು ನಿಮ್ಮ ಯಂತ್ರದೊಳಗೇ ಇವನ್ನು ಆದಷ್ಟು ಮುಗಿಸಿಕೊಳ್ಳಿ. ಕೇಬಲ್ ಕೀಳುವ ಪರೀಕ್ಷೆಗೆ ಮಾತ್ರ ಎರಡು ಯಂತ್ರ ಬೇಕು, ಆಗ 0.0.0.0 ಮಾಡಿ ಲ್ಯಾಬಿಗೆ ತೆರೆಯಿರಿ. ಹೊಸ ಕೋಡಿನಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಪೂರ್ತಿ ಎರರ್ ಸಾಲುಗಳ ಜೊತೆ ಮತ್ತೆ ಬರೆಯಿರಿ, ನೋಡುತ್ತೇನೆ.